ಅಂಗೈ ಮೇಲಿನ ಅಮೆರಿಕನ್ ಕಾರು: ತುಮಕೂರಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಹಾಲ್‌ನಲ್ಲಿ ಟಿವಿ ಪಕ್ಕ ಒಂದು ಗಾಜಿನ ಷೋಕೇಸ್ ಇದೆ, ಅದರ ತುಂಬ ಹಳೇ ಅಮೆರಿಕನ್ ಕಾರುಗಳ ಪುಟ್ಟ ಮಾಡೆಲ್‌ಗಳು. ಬಂದವರು ಕಾಫಿ ಲೋಟ ಕೈಗೆ ತಗೊಂಡ ಕೂಡಲೇ ಅದರ ಮುಂದೆ ಹೋಗಿ ನಿಲ್ಲುತ್ತಾರೆ. ಆಮೇಲೆ ಶುರು. ಹನ್ನೆರಡು ವರ್ಷದಿಂದ ಉತ್ತರ ಹೇಳಿ ಹೇಳಿ ನನಗೆ ಬಾಯಿಪಾಠ ಆಗಿದೆ. ಈಗ ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಹುಡುಗರೂ ಫೋನ್ ಮಾಡಿ ಅದೇ ಕೇಳುತ್ತಾರೆ. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ.

ಅಮೆರಿಕನ್ ಕಾರೇ ಯಾಕೆ? ನಮ್ಮ ಅಂಬಾಸಿಡರ್ ಸಾಲದಾ?

ಅಂಬಾಸಿಡರ್ ಕೂಡ ಇದೆ, ಎರಡು. ಆದರೆ ನಮ್ಮ ತಾತ ಕುಣಿಗಲ್ ಕಡೆಯ ಸಾಹುಕಾರರೊಬ್ಬರ ಮನೆಯಲ್ಲಿ ಡ್ರೈವರ್ ಆಗಿದ್ದರು. ಅವರು ಓಡಿಸುತ್ತಿದ್ದದ್ದು ಪ್ಲಿಮತ್ ಅನ್ನೋ ಅಮೆರಿಕನ್ ಕಾರು. ಸಾಯುವವರೆಗೂ ಬೇರೆ ಯಾವ ಕಾರನ್ನೂ ಅವರು ಕಾರು ಅಂತ ಒಪ್ಪಲಿಲ್ಲ. ಷೆವರ್ಲೆಗೆ ಅವರು ಹೇಳುತ್ತಿದ್ದದ್ದು "ಸವ್ರಲೆಟ್ಟು".

ಅಮೆರಿಕದ ಕಾರು ನಮ್ಮ ಕಡೆಗೆ ಪರಕೀಯ ಅಂತ ಅಂದುಕೊಳ್ಳಬೇಡಿ. ಜನರಲ್ ಮೋಟಾರ್ಸ್ 1928ರಲ್ಲೇ ಬೊಂಬಾಯಿಯ ಸೇವ್ರಿಯಲ್ಲಿ ಕಾರು ಜೋಡಿಸಲು ಶುರು ಮಾಡಿತ್ತು. ನಮ್ಮ ದೇಶದಲ್ಲೇ ಕಾರ್ ಕಾರ್ಖಾನೆ ಆಗಬೇಕು ಅಂತ 1930ರ ದಶಕದಲ್ಲಿ ಯೋಜನೆ ಹಾಕಿಕೊಂಡು ಅಮೆರಿಕಕ್ಕೂ ಹೋಗಿ ಬಂದವರು ಯಾರು? ಚಿಕ್ಕಬಳ್ಳಾಪುರ ಪಕ್ಕದ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು. ಮುಂದೆ 1944ರಲ್ಲಿ ವಾಲಚಂದ್ ಹೀರಾಚಂದ್ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಅಲ್ಲಿ ಜೋಡಿಸಿದ ಡಾಡ್ಜ್, ಡಿಸೋಟೊ, ಪ್ಲಿಮತ್ ಮೂರೂ ಅಮೆರಿಕದ ಕ್ರೈಸ್ಲರ್ ಕಂಪನಿಯ ಮನೆತನದವೇ.

ಇಷ್ಟೆಲ್ಲ ಹೇಳಿದರೂ ನಿಜವಾದ ಕಾರಣ ಬೇರೆ. ಆ ಕಾರುಗಳ ರೆಕ್ಕೆ. 1948ರ ಕ್ಯಾಡಿಲಾಕ್ ಹಿಂಭಾಗದಲ್ಲಿ ಸಣ್ಣದೊಂದು ಉಬ್ಬು ಬಂತು. ಪಿ-38 ಅನ್ನೋ ಯುದ್ಧವಿಮಾನದ ಬಾಲ ನೋಡಿ ಮಾಡಿದ್ದು. ಹನ್ನೊಂದು ವರ್ಷ ಕಳೆದು 1959ರ ಹೊತ್ತಿಗೆ ಅದು ಎಷ್ಟು ಬೆಳೆದಿತ್ತು ಅಂದರೆ, ಪ್ರತಿ ರೆಕ್ಕೆಯಲ್ಲೂ ಬಂದೂಕಿನ ಗುಂಡಿನ ಆಕಾರದ ಎರಡೆರಡು ಕೆಂಪು ದೀಪ. ಕಾರಿಗೆ ರೆಕ್ಕೆಯಿಂದ ನಯಾಪೈಸೆ ಉಪಯೋಗ ಇಲ್ಲ. ಸುಮ್ನೆ ಚೆಂದಕ್ಕೆ. ನಮ್ಮ ತೇರಿನ ಕಳಸದ ಹಾಗೆ.

1:18, 1:64 ಅಂದರೇನು?

ನಿಜವಾದ ಕಾರಿನ ಹದಿನೆಂಟನೇ ಒಂದು ಭಾಗ ಅಂದರೆ 1:18. 1957ರ ಷೆವರ್ಲೆ ಬೆಲ್ ಏರ್ ಉದ್ದ 200 ಇಂಚು, ಅಂದರೆ ಐದು ಮೀಟರಿಗಿಂತ ಚೂರು ಜಾಸ್ತಿ. ಅದು 1:18ರಲ್ಲಿ 28 ಸೆಂಟಿಮೀಟರ್ ಆಗುತ್ತೆ. 1:24ರಲ್ಲಿ 21, 1:43ರಲ್ಲಿ ಸುಮಾರು 12, 1:64ರಲ್ಲಿ 8.

ಆದರೆ ಒಂದು ಮಾತು. ಅಂಗಡಿಯಲ್ಲಿ ನೇತಾಡುವ ಹಾಟ್ ವೀಲ್ಸ್ ಕಂಪನಿಯ ಆಟಿಕೆ ಕಾರು ನಿಖರವಾಗಿ 1:64 ಅಲ್ಲ. ಎಲ್ಲವೂ ಒಂದೇ ಪ್ಯಾಕಿನಲ್ಲಿ ಕೂರಬೇಕಲ್ಲ, ಹಾಗಾಗಿ ದೊಡ್ಡ ಕ್ಯಾಡಿಲಾಕನ್ನು ಕುಗ್ಗಿಸಿ, ಸಣ್ಣ ಕಾರನ್ನು ಹಿಗ್ಗಿಸಿ ಹೆಚ್ಚುಕಮ್ಮಿ ಏಳು ಸೆಂಟಿಮೀಟರಿಗೆ ತಂದಿರುತ್ತಾರೆ. ಬೇರೆ ಬೇರೆ ಕಂಪನಿಯ ಕಾರು ಪಕ್ಕಪಕ್ಕ ಇಟ್ಟಾಗ ಏನೋ ಸರಿ ಹೋಗ್ತಿಲ್ಲ ಅನ್ನಿಸಿದರೆ ಕಾರಣ ಇದೇ.

ಎಲ್ಲಿ ಸಿಗುತ್ತೆ? ಎಷ್ಟಾಗುತ್ತೆ?

ಹಾಟ್ ವೀಲ್ಸ್ ಸಾದಾ ಕಾರು ಇನ್ನೂರು ರೂಪಾಯಿ ಆಸುಪಾಸು. ಸೂಪರ್‌ಮಾರ್ಕೆಟ್, ಆಟಿಕೆ ಅಂಗಡಿ, ಆನ್‌ಲೈನ್, ಎಲ್ಲ ಕಡೆ ಸಿಗುತ್ತೆ. ಬಿ.ಎಚ್. ರಸ್ತೆ, ಎಂ.ಜಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಬರಿಗೈಲಿ ಬರೋದು ಕಮ್ಮಿ. ಮಾಯಿಸ್ಟೊ, ಜಾಡಾ ಕಂಪನಿಗಳ 1:24, 1:18 ಕಾರು ಬೇಕಾದರೆ ಸಾವಿರಗಳ ಲೆಕ್ಕ. ಗ್ರೀನ್‌ಲೈಟ್, ಎಂ2 ಮಷೀನ್ಸ್, ಆಟೊ ವರ್ಲ್ಡ್ ಇವು ಅಮೆರಿಕನ್ ಕಾರುಗಳ ಮೇಲೇ ಕೈ ಇಟ್ಟಿರುವ ಬ್ರ್ಯಾಂಡ್‌ಗಳು. ಬಾನೆಟ್ ತೆರೆದರೆ ಇಂಜಿನ್ ಕಾಣುತ್ತೆ, ಟೈರು ರಬ್ಬರಿನದು. ಆದರೆ ಇಲ್ಲಿ ಹುಡುಕೋದು ಕಷ್ಟ.

ಹೊರದೇಶದಿಂದ ತರಿಸೋಣ ಅಂದರೆ ಸುಂಕ ನೋಡಿಕೊಳ್ಳಿ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ ಏರಿತು, 2023ರಲ್ಲಿ ಶೇ 70 ಆಯ್ತು. 2021ರ ಜನವರಿಯಿಂದ ಮಕ್ಕಳ ಆಟಿಕೆಗೆ ಬಿಐಎಸ್ ಗುಣಮಟ್ಟದ ಗುರುತು ಬೇರೆ ಕಡ್ಡಾಯ. ನಾನು ಒಂದು ಸಲ ದುಂಬಾಲು ಬಿದ್ದು ತರಿಸಿದೆ. ಕಾರಿಗಿಂತ ಸಾಗಣೆ ಮತ್ತು ಸುಂಕವೇ ಜಾಸ್ತಿ ಆಯ್ತು. ಮನೆಯವಳಿಗೆ ಆ ಬಿಲ್ ಇನ್ನೂ ತೋರಿಸಿಲ್ಲ.

ಟ್ರೆಷರ್ ಹಂಟ್ ಅಂತಾರಲ್ಲ, ಅದು ತುಮಕೂರಲ್ಲಿ ಸಿಗುತ್ತಾ?

ಹಾಟ್ ವೀಲ್ಸ್ 1995ರಿಂದ ಕೆಲವು ಕಾರುಗಳನ್ನು ಕಮ್ಮಿ ಸಂಖ್ಯೆಯಲ್ಲಿ ಮಾಡಿ ಸಾದಾ ಪೆಟ್ಟಿಗೆಯ ಮಧ್ಯೆ ಸೇರಿಸಿ ಕಳಿಸುತ್ತೆ. ಸೂಪರ್ ಟ್ರೆಷರ್ ಹಂಟ್ ಆದರೆ ಮಿರುಗುವ ಬಣ್ಣ, ರಬ್ಬರ್ ಟೈರು. ಬೆಲೆ ಮಾತ್ರ ಸಾದಾ ಕಾರಿನದೇ.

ಸಿಗುತ್ತಾ ಅಂದರೆ, ಪೆಟ್ಟಿಗೆ ಒಡೆಯುವವರ ಕೈಗೆ ಸಿಗುತ್ತೆ. ಒಂದು ಅಂಗಡಿಯಲ್ಲಿ ಬೆಳಿಗ್ಗೆ ಹತ್ತಕ್ಕೆ ಷಟರ್ ಎತ್ತುವ ಮುಂಚೆಯೇ ಹೋಗಿ ನಿಂತಿದ್ದೆ. ಒಳಗೆ ಹುಡುಗನೊಬ್ಬ ಆಗಲೇ ಆರಿಸಿಕೊಂಡು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಮಧ್ಯಾಹ್ನಕ್ಕೆ ಅದೇ ಕಾರು ಇಂಟರ್ನೆಟ್ಟಿನಲ್ಲಿ ಹತ್ತು ಪಟ್ಟು ಬೆಲೆಗೆ! ಆವತ್ತೇ ಆ ಚಟ ಬಿಟ್ಟೆ. ನನಗೆ ಬೇಕಾಗಿದ್ದದ್ದು ಬೆಲ್ ಏರ್. ಅದು ಕಡ್ಡಿಗೆ ನೇತುಹಾಕಿಕೊಂಡು ತಿಂಗಳಿಂದ ಯಾರಿಗೂ ಬೇಡವಾಗಿತ್ತು.

ಪ್ಯಾಕ್ ಒಡೆಯಬೇಕಾ, ಹಾಗೇ ಇಡಬೇಕಾ?

ಒಡೆಯಿರಿ.

ಕೈಕೆಲಸಕ್ಕೆ ಏನೇನು ಸಾಮಾನು ಬೇಕು?

ಮೊದಲ ದಿನವೇ ಏರ್‌ಬ್ರಷ್, ಕಂಪ್ರೆಸರ್ ಕೊಂಡವರನ್ನು ನೋಡಿದ್ದೇನೆ. ಮೂರನೇ ತಿಂಗಳು ಅಟ್ಟ ಸೇರಿರುತ್ತೆ. ಶುರುವಿಗೆ ಕೈಯಲ್ಲಿ ತಿರುಗಿಸುವ ಸಣ್ಣ ಡ್ರಿಲ್, 1.6 ಮತ್ತು 3 ಮಿಲಿಮೀಟರ್ ಬಿಟ್, ಎಂ2 (ಎರಡು ಮಿಲಿಮೀಟರ್ ದಪ್ಪದ) ಸ್ಕ್ರೂ, ಅದು ಕೂರಲು ತೂತಿನೊಳಗೆ ಸುರುಳಿ ಗೆರೆ ಕೊರೆಯುವ ಟ್ಯಾಪ್, ಹೊಸ ಬ್ಲೇಡು, ಮಾಸ್ಕಿಂಗ್ ಟೇಪ್, ನಯವಾದ ಎಮರಿ ಪೇಪರ್ ಸಾಕು. ಎಮರಿ, ಟೇಪು, ಥಿನ್ನರ್ ಎಲ್ಲ ಮಂಡಿಪೇಟೆ ಕಡೆ ಹಾರ್ಡ್‌ವೇರ್ ಅಂಗಡಿಗಳಲ್ಲೇ ಸಿಗುತ್ತೆ. ಎಂ2 ಟ್ಯಾಪ್‌ಗೆ ಮಾತ್ರ ಬೆಂಗಳೂರಿನ ಎಸ್.ಪಿ. ರಸ್ತೆಗೆ ರೈಲು ಹತ್ತಬೇಕಾಯಿತು.

ನಮ್ಮೂರಿನವರಿಗೆ ಒಂದು ಅನುಕೂಲ ಇದೆ. ಇದು ಎಚ್‌ಎಂಟಿ ವಾಚ್ ಕಾರ್ಖಾನೆ ಇದ್ದ ಊರು. ಪಕ್ಕದ ಬೀದಿಯಲ್ಲಿ ಅಲ್ಲಿಂದ ರಿಟೈರ್ ಆದ ಅಂಕಲ್ ಒಬ್ಬರಿದ್ದಾರೆ. ನನ್ನ ಕೈಲಿದ್ದ ಮೊಂಡು ಚಿಮಟ ನೋಡಿ ನಕ್ಕು, ಒಳಗಿಂದ ಬಿಸ್ಕತ್ತಿನ ಡಬ್ಬ ತಂದರು. ಅದರಲ್ಲಿ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ, ಕೂದಲಿನಷ್ಟು ಚೂಪಾದ ಎರಡು ಚಿಮಟ. "ತಗೊಳಪ್ಪಾ, ನನ್ನ ಕೈ ಈಗ ನಡುಗುತ್ತೆ" ಅಂದರು. ಹೆಡ್‌ಲೈಟ್ ಕೂರಿಸೋದು ಆವತ್ತಿಂದ ಸಲೀಸಾಯ್ತು. ನಿಮ್ಮ ಬೀದಿಯಲ್ಲೂ ಇಂಥವರು ಇರಬಹುದು, ವಿಚಾರಿಸಿ ನೋಡಿ.

ಕಾರನ್ನು ಬಿಚ್ಚೋದು ಹೇಗೆ? ಸ್ಕ್ರೂನೇ ಕಾಣ್ತಿಲ್ಲ.

ಸಣ್ಣ ಕಾರಿಗೆ ಸ್ಕ್ರೂ ಇರೋದಿಲ್ಲ. ತಲೆಕೆಳಗು ಮಾಡಿದರೆ ಅಂಗಿ ಗುಂಡಿಯಂಥ ಎರಡು ದುಂಡನೆ ಗುಂಡಿ ಕಾಣುತ್ತೆ. ಅದು ಬೇರೆ ಮೊಳೆಯಲ್ಲ. ಬಾಡಿಯಿಂದಲೇ ಇಳಿದ ಕಂಬ, ತುದಿಯನ್ನು ಅಣಬೆ ಥರ ಅಗಲ ಮಾಡಿರುತ್ತಾರೆ. ನೀವು ತೆಗೆಯಬೇಕಾದದ್ದು ಆ ಅಣಬೆಯ ಕೊಡೆ ಮಾತ್ರ.

ಗುಂಡಿಯ ನಟ್ಟನಡುವೆ ಮೊಳೆ ಇಟ್ಟು ಮೆತ್ತಗೆ ತಟ್ಟಿ ಒಂದು ಚುಕ್ಕೆ ಮಾಡಿ. ಚುಕ್ಕೆ ಇಲ್ಲದಿದ್ದರೆ ಬಿಟ್ ಜಾರುತ್ತೆ. ನನ್ನ ಮೊದಲ ಫೋರ್ಡ್ ಮಸ್ಟ್ಯಾಂಗ್‌ನಲ್ಲಿ ಜಾರಿ ನೇರ ಎಡಗೈ ಹೆಬ್ಬೆರಳಿಗೆ ಬಂತು, ಗುರುತು ಇನ್ನೂ ಇದೆ. ಮೊದಲು 1.6ರ ಬಿಟ್‌ನಿಂದ ನೇರ ತೂತು. ಒಂದು ಹನಿ ಹೊಲಿಗೆ ಮೆಷಿನ್ ಎಣ್ಣೆ ಬಿಟ್ಟರೆ ಸಲೀಸು. ಆಮೇಲೆ 3 ಮಿಲಿಮೀಟರ್ ಬಿಟ್ ಇಟ್ಟು ಅವಸರವಿಲ್ಲದೆ ತಿರುಗಿಸಿ. ಬೆಳ್ಳಿ ಬಣ್ಣದ ಪುಡಿ ಉದುರುತ್ತೆ. ಸ್ವಲ್ಪ ಹೊತ್ತಿಗೆ ಸಣ್ಣದೊಂದು ಉಂಗುರ ಬಿಟ್‌ಗೆ ಸಿಕ್ಕಿಕೊಂಡು ಮೇಲೆ ಬರುತ್ತೆ. ಅಲ್ಲಿಗೆ ನಿಲ್ಲಿಸಿ. ಇನ್ನೂ ಕೊರೆದರೆ ಕಂಬ ಗಿಡ್ಡ ಆಗುತ್ತೆ, ಮತ್ತೆ ಜೋಡಿಸಿದಾಗ ಬಾಡಿ ಲೊಡಲೊಡ ಅನ್ನುತ್ತೆ.

ಈಗ ತಳ, ಸೀಟು, ಗಾಜು, ಚಕ್ರ ಎಲ್ಲ ಬೇರೆ ಬೇರೆ. 1.6ರ ತೂತಿಗೆ ಟ್ಯಾಪ್ ಹಾಕಿಟ್ಟರೆ ಕೊನೆಗೆ ಎಂ2 ಸ್ಕ್ರೂ ಹಾಕಿ ಮುಚ್ಚಬಹುದು. ಎಷ್ಟು ಸಲ ಬೇಕಾದರೂ ಬಿಚ್ಚಬಹುದು.

ಹಳೇ ಬಣ್ಣ ತೆಗೆಯಲು ಕಾಸ್ಟಿಕ್ ಸೋಡಾ ಹಾಕಬಹುದಾ?

ಬೇಡ. ಬಾಡಿ ಲೋಹ ಜಮಕ್, ಅಂದರೆ ಸತುವಿಗೆ ಅಲ್ಯುಮಿನಿಯಂ, ಮೆಗ್ನೀಸಿಯಂ, ತಾಮ್ರ ಬೆರೆಸಿದ್ದು. ಕಾಸ್ಟಿಕ್ ಸೋಡಾ ಸತುವನ್ನೂ ಅಲ್ಯುಮಿನಿಯಮನ್ನೂ ತಿನ್ನುತ್ತೆ, ಜೊತೆಗೆ ಹೈಡ್ರೋಜನ್ ಬಿಡುತ್ತೆ. ಹಾರ್ಡ್‌ವೇರ್ ಅಂಗಡಿಯ ಪೇಂಟ್ ರಿಮೂವರ್ ಸಾಕು. ಕೈಗವಸು ಹಾಕಿಕೊಂಡು, ಬಯಲಲ್ಲಿ, ಗಾಜಿನ ಬಾಟಲಿಯೊಳಗೆ. ಪ್ಲಾಸ್ಟಿಕ್ ಗಾಜನ್ನು ಮೊದಲೇ ತೆಗೆದಿಡಿ, ಇಲ್ಲಾಂದರೆ ಅದೂ ಕರಗಿ ಗಂಜಿಯಾಗುತ್ತೆ.

ಬಣ್ಣ ಹೊಡೆಯುವ ಗುಟ್ಟು ಏನು?

ಶಿರಾ ಗೇಟ್ ಕಡೆ ಗ್ಯಾರೇಜಿನ ಪೇಂಟರ್ ಒಬ್ಬರು ನನ್ನ ಗುರು. ಅವರು ಮೊದಲ ದಿನ ಹೇಳಿದ್ದು, "ಗೋಡೆಗೆ ಸುಣ್ಣ ಬಳಿದ ಹಾಗಲ್ಲ ಸ್ವಾಮಿ, ಮೈಗೆ ಗಂಧ ತೇಯ್ದು ಹಚ್ಚಿದ ಹಾಗೆ." ಇಷ್ಟು ಸಣ್ಣ ಕಾರಿಗೆ ಬಣ್ಣ ದಪ್ಪ ಆದರೆ ಬಾಗಿಲಿನ ಗೆರೆಯೇ ಮುಚ್ಚಿಹೋಗುತ್ತೆ. ಇಪ್ಪತ್ತು ಸೆಂಟಿಮೀಟರ್ ದೂರದಿಂದ, ಕೈ ನಿಲ್ಲಿಸದೆ, ಮಂಜು ಬಿದ್ದ ಹಾಗೆ ಮೂರು ನಾಲ್ಕು ಸಲ ಸ್ಪ್ರೇ ಮಾಡಿ.

ಬಾಡಿಯನ್ನು ಸೋಪಿನ ನೀರಲ್ಲಿ ತೊಳೆದು ಒಣಗಿಸಿದ ಮೇಲೆ ಬರಿಗೈಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಕೂತಲ್ಲಿ ಬಣ್ಣ ಕೂರೋದಿಲ್ಲ. ಮೊದಲು ಪ್ರೈಮರ್ (ಬಣ್ಣದ ತಳಪದರ), ಆಮೇಲೆ ಬಣ್ಣ, ಕೊನೆಗೆ ಕ್ಲಿಯರ್ (ಹೊಳಪು ಕೊಡುವ ಪಾರದರ್ಶಕ ಪದರ). ಎನಾಮಲ್ ಬಣ್ಣದ ಮೇಲೆ ಲ್ಯಾಕರ್ ಬಣ್ಣ ಹೊಡೆದರೆ ಹಪ್ಪಳದ ಥರ ಸುಕ್ಕುಗಟ್ಟುತ್ತೆ. ಗ್ಯಾರೇಜಿನ ಎರಡು ಡಬ್ಬದ್ದನ್ನು ಬೆರೆಸಿ ಹೊಡೆಯುವ ಕ್ಲಿಯರ್ ಹೊಳಪು ಚೆನ್ನಾಗಿ ಕೊಡುತ್ತೆ, ಆದರೆ ಅದರ ಗಟ್ಟಿಕಾರಕ ಶ್ವಾಸಕೋಶಕ್ಕೆ ಕೆಟ್ಟದ್ದು. ಮೂಗಿಗೆ ಕರ್ಚೀಫ್ ಕಟ್ಟಿಕೊಂಡರೆ ಸಾಲದು. ಮನೆಯಲ್ಲಂತೂ ಅದನ್ನು ಮುಟ್ಟಲೇಬೇಡಿ.

ಎರಡು ಬಣ್ಣದ ಬೆಲ್ ಏರ್‌ಗೆ ತಿಳಿ ಬಣ್ಣ ಮೊದಲು. ಬಿಳಿ ಹೊಡೆದು, ಒಂದು ದಿನ ಬಿಟ್ಟು, ಛಾವಣಿಗೆ ಟೇಪ್ ಸುತ್ತಿ, ಆಮೇಲೆ ನೀಲಿ. ಟೇಪಿನ ಅಂಚು ಯಾವಾಗಲೂ ಧೂಳು ತಿಂದಿರುತ್ತೆ. ಅದಕ್ಕೆ ಟೇಪನ್ನು ಗಾಜಿನ ಮೇಲೆ ಅಂಟಿಸಿ ಹೊಸ ಬ್ಲೇಡಿನಿಂದ ಅಂಚು ಕತ್ತರಿಸಿ ತೆಗೆದು, ಆ ಹೊಸ ಅಂಚನ್ನು ಉಪಯೋಗಿಸಿ. ಗೆರೆ ಕೂದಲು ಎಳೆದ ಹಾಗೆ ಬರುತ್ತೆ.

ಇನ್ನು ಹವಾಮಾನ. ಆಷಾಢದ ಗಾಳಿಯಲ್ಲಿ ತುಮಕೂರಿನ ಧೂಳು ಹೇಗಿರುತ್ತೆ ಗೊತ್ತಲ್ಲ. ಒಂದು ಸಲ ಟೆರೇಸ್ ಮೇಲೆ ಕ್ಲಿಯರ್ ಹೊಡೆದು ಕೆಳಗೆ ಹೋಗಿ ಟೀ ಕುಡಿದು ಬಂದೆ. ಬಾನೆಟ್ ನಟ್ಟನಡುವೆ ಒಂದು ಸೊಳ್ಳೆ, ಕಾಲು ನಾಲ್ಕೂ ಚಾಚಿಕೊಂಡು, ಗಾಜಿನೊಳಗೆ ಕೂತ ಹಾಗೆ. ಉಳಿದ ಎರಡು ಕಾಲು ಎಲ್ಲಿ ಹೋದವೋ. ಈಗ ರಟ್ಟಿನ ಪೆಟ್ಟಿಗೆ ಮುಚ್ಚುತ್ತೇನೆ. ಮಳೆ ಹಿಡಿದ ದಿನ ಲ್ಯಾಕರ್ ಹೊಡೆದರೆ ತೇವ ಸೇರಿ ಬೂದಿ ಎರಚಿದ ಹಾಗೆ ಬೆಳ್ಳಗಾಗುತ್ತೆ. ಬಿಸಿಲು ಬರಲಿ, ಕಾಯಿರಿ.

ಬಂಪರ್, ಪಟ್ಟಿಗಳ ಕ್ರೋಮ್ ಹೇಗೆ?

1950ರ ದಶಕದ ಕಾರಿನಲ್ಲಿ ಅರ್ಧ ಕೆಲಸ ಇದೇ. ಕ್ರೋಮ್ ಪೆನ್ನು ಸಿಗುತ್ತೆ, ಚೆನ್ನಾಗಿದೆ, ದುಬಾರಿ. ಅಂಟು ಇರುವ ತೆಳು ಲೋಹದ ಹಾಳೆ ಅದಕ್ಕಿಂತ ಚೆಂದ. ಹಾಳೆ ಅಂಟಿಸಿ, ಹಲ್ಲುಕಡ್ಡಿಯಿಂದ ಒತ್ತಿ ಒತ್ತಿ ಗೆರೆ ಮೂಡಿಸಿ, ಬ್ಲೇಡಿನಲ್ಲಿ ಸುತ್ತ ಕತ್ತರಿಸೋದು. 57ರ ಬೆಲ್ ಏರ್ ಹಿಂದಿನ ರೆಕ್ಕೆಯ ಪಕ್ಕದಲ್ಲಿ ಗೀರುಗೀರಾದ ಬೆಳ್ಳಿ ಬಣ್ಣದ ತ್ರಿಕೋನ ಪಟ್ಟಿ ಇದೆ. ಸಾದಾ ಮಾಡೆಲ್‌ಗಳಲ್ಲಿ ಅದಕ್ಕೂ ಬಾಡಿ ಬಣ್ಣವನ್ನೇ ಬಳಿದು ಬಿಟ್ಟಿರುತ್ತಾರೆ. ಅದೊಂದಕ್ಕೆ ಬೆಳ್ಳಿ ತುಂಬಿ ನೋಡಿ, ಇನ್ನೂರು ರೂಪಾಯಿ ಕಾರು ಎದ್ದು ಕೂರುತ್ತೆ. ಪೆಟ್ರೋಲ್ ಹಾಕುವ ಮುಚ್ಚಳವೂ ಎಡ ರೆಕ್ಕೆಯ ಕ್ರೋಮ್ ಹಿಂದೆಯೇ ಅಡಗಿದೆ. ತಾತ ಇದ್ದಿದ್ದರೆ ಪೆಟ್ರೋಲ್ ಬಂಕಿನ ಹುಡುಗನ ಜೊತೆ ಜಗಳ ಆಗುತ್ತಿತ್ತು.

ನನಗಿಷ್ಟ ಬಂದ ಬಣ್ಣ ಹೊಡೆದರೆ ತಪ್ಪಾ?

ನಿಮ್ಮ ಕಾರು, ನಿಮ್ಮ ಇಷ್ಟ. ಆದರೆ "ಒರಿಜಿನಲ್ ಥರಾನೇ" ಅಂತ ಹೇಳಿಕೊಳ್ಳುವ ಮುಂಚೆ ಓದಿಕೊಳ್ಳಿ. 1953ರ ಷೆವರ್ಲೆ ಕಾರ್ವೆಟ್ ಆ ವರ್ಷ ಆದದ್ದು 300 ಮಾತ್ರ, ಎಲ್ಲವೂ ಬಿಳಿ, ಒಳಗೆ ಕೆಂಪು ಸೀಟು. ಕಪ್ಪು 53 ಅಂತ ಯಾರಾದರೂ ತೋರಿಸಿದರೆ ಅದು ಅವರ ಮನಸ್ಸಿನ ಬಣ್ಣ. ಹಿಂದಿನ ಗಾಜು ಎರಡು ಭಾಗ ಆಗಿರುವ ಕಾರ್ವೆಟ್ 1963ರದ್ದೊಂದೇ. ಅಗಲ ಬಿಳಿ ಪಟ್ಟಿಯ ಟೈರು 50ರ ದಶಕಕ್ಕೆ ಸರಿ. 1962ರ ಹೊತ್ತಿಗೆ ಆ ಪಟ್ಟಿ ಬಳೆಯಷ್ಟು ತೆಳ್ಳಗಾಯ್ತು. 1969ರ ಡಾಡ್ಜ್ ಚಾರ್ಜರ್‌ಗೆ ಅಗಲ ಬಿಳಿ ಪಟ್ಟಿ ಹಾಕಿದರೆ ಪ್ಯಾಂಟಿನ ಮೇಲೆ ಪಂಚೆ ಉಟ್ಟ ಹಾಗೆ.

ಅಂದ ಹಾಗೆ, 1955ರಿಂದ 57ರವರೆಗಿನ ಷೆವರ್ಲೆಯ ಒಂದು ಬಿಳಿಗೆ ಕಂಪನಿಯೇ ಇಟ್ಟ ಹೆಸರು "ಇಂಡಿಯಾ ಐವರಿ". ನನ್ನ ಬೆಲ್ ಏರ್ ಛಾವಣಿ ಅದೇ ಬಣ್ಣ. ಸುಮಾರು ಹತ್ತಿರದ ದಂತದ ಬಣ್ಣ ಗ್ಯಾರೇಜಿನಲ್ಲೇ ಸಿಕ್ಕಿತು.

ಕೆಎ 06 ನಂಬರ್ ಪ್ಲೇಟ್ ಹಾಕಬಹುದಾ?

ಹಾಕಬಹುದು, ಹುಡುಗರು ಹಾಕ್ತಾರೆ. ಕೋಲಾರದವರು 07, ಚಿಕ್ಕಬಳ್ಳಾಪುರದವರು 40. ಆದರೆ ಬೆಲ್ ಏರ್ ಕಾಲದಲ್ಲಿ ಇದು ಮೈಸೂರು ರಾಜ್ಯ, ಕರ್ನಾಟಕ ಅಂತ ಹೆಸರಾದದ್ದು 1973ರಲ್ಲಿ. ಆಗಿನ ನಂಬರು ಎಂ ವೈ ಅಕ್ಷರದಿಂದ ಶುರುವಾಗುತ್ತಿತ್ತು. ಕಪ್ಪು ಹಲಗೆ, ಬಿಳಿ ಅಕ್ಷರ. ಡೀಕಲ್ ಹಾಳೆಯ (ಕಾರಿಗೆ ಅಂಟಿಸುವ ತೆಳು ಚಿತ್ರದ ಹಾಳೆ) ಮೇಲೆ ಲೇಸರ್ ಪ್ರಿಂಟ್ ಹಾಕಿಸಿ. ಮಾಮೂಲಿ ಪ್ರಿಂಟರಿನಲ್ಲಿ ಬಿಳಿ ಶಾಯಿ ಇರೋದಿಲ್ಲ, ಹಾಗಾಗಿ ಬಿಳಿ ಡೀಕಲ್ ಹಾಳೆ ತಗೊಂಡು ಸುತ್ತ ಕಪ್ಪು ಬರುವಂತೆ ಪ್ರಿಂಟ್ ಮಾಡಿಸಬೇಕು.

ವರ್ಷಗಟ್ಟಲೆ ಇಟ್ಟರೆ ಹಾಳಾಗುತ್ತಾ?

ಹಳೇ ಕಾರುಗಳಲ್ಲಿ ಒಂದು ರೋಗ ಇದೆ. ಸತುವಿನಲ್ಲಿ ಸೀಸ ಬೆರೆತಿದ್ದರೆ ವರ್ಷಗಳಾದ ಮೇಲೆ ಲೋಹ ಒಳಗಿಂದಲೇ ಬಿರಿಯುತ್ತೆ. ಒಣಗಿದ ಕೆರೆಯ ತಳದ ಹಾಗೆ ಬಿರುಕು. ಆನ್‌ಲೈನಲ್ಲಿ ಒಬ್ಬರಿಂದ ಹಳೇ ಕಾರು ತಗೊಂಡೆ. ಫೋಟೋದಲ್ಲಿ ಮಿರಿಮಿರಿ, ಕೈಗೆ ಬಂದಾಗ ಬಂಪರ್ ಹಪ್ಪಳದ ಥರ ಮುರೀತು. ಔಷಧಿ ಇಲ್ಲ. ಪಕ್ಕದ ಕಾರಿಗೆ ಅಂಟೋದೂ ಇಲ್ಲ, ಅಷ್ಟು ಸಮಾಧಾನ.

ಬೀರುವಿನಲ್ಲಿ ನುಸಿಗುಳಿಗೆ ಇಡುವ ಅಭ್ಯಾಸ ಇದ್ದರೆ ಕಾರು ಅಲ್ಲಿಡಬೇಡಿ. ಅದರ ಆವಿಗೆ ಪ್ಲಾಸ್ಟಿಕ್ ಕಿಟ್ (ನಾವೇ ತುಂಡು ಜೋಡಿಸಿ ಮಾಡುವ ಕಾರು) ಮೆತ್ತಗಾಗುತ್ತೆ. ರಬ್ಬರ್ ಥರದ ಟೈರು ಪ್ಲಾಸ್ಟಿಕ್ ಹಲಗೆ ಮೇಲೆ ವರ್ಷಗಟ್ಟಲೆ ಕೂತರೆ ಅಲ್ಲೇ ಕರಗಿ ಅಂಟುತ್ತೆ. ತಳಕ್ಕೆ ಸಣ್ಣ ಮರದ ತುಂಡು ಕೊಟ್ಟು ಚಕ್ರ ಎತ್ತಿಡಿ. ನೇರ ಬಿಸಿಲು ಬೇಡ.

ಆಯುಧ ಪೂಜೆಗೆ ಇವಕ್ಕೂ ಕುಂಕುಮ ಇಡಬಹುದಾ?

ಇದನ್ನು ಕೇಳಿದ್ದು ಬೇರೆಯವರಲ್ಲ, ನಮ್ಮಮ್ಮ. ಕೇಳಿದ್ದಲ್ಲ, ಇಟ್ಟು ಆದಮೇಲೆ ಹೇಳಿದ್ದು. ದಸರಾ ಗೊಂಬೆ ಕೂರಿಸುವಾಗ ಪಟ್ಟದ ಗೊಂಬೆಯ ಕೆಳಗಿನ ಮೆಟ್ಟಿಲಲ್ಲಿ ಜಂಬೂ ಸವಾರಿಯ ಹಿಂದೆ ನನ್ನ ಗುಲಾಬಿ ಕ್ಯಾಡಿಲಾಕ್ ನಿಲ್ಲಿಸಿದ್ದರು. ನೋಡಲು ಬಂದ ಮುತ್ತೈದೆಯರಿಗೆಲ್ಲ "ಮಹಾರಾಜರ ಕಾರು" ಅಂತ ಪರಿಚಯ. ಅದು ಸರಿ. ಒಂಬತ್ತನೇ ದಿನ ನನ್ನ ಬೆಲ್ ಏರ್‌ನ ಇಂಡಿಯಾ ಐವರಿ ಛಾವಣಿ ಮೇಲೆ ಒದ್ದೆ ಅರಿಶಿನದ ಮೂರು ಬೊಟ್ಟು!

ಸೋಪಿಗೆ ಹೋಗಲಿಲ್ಲ. ಥಿನ್ನರ್ ಹಾಕಿದರೆ ಬಣ್ಣವೇ ಹೋಗುತ್ತೆ. ಕೊನೆಗೆ ಅಮ್ಮನೇ ಉಪಾಯ ಹೇಳಿದರು. ಬಿಳಿ ಬಟ್ಟೆಗೆ ಅರಿಶಿನ ಆದರೆ ಬಿಸಿಲಿಗೆ ಹಾಕ್ತೀವಲ್ಲ, ಹಾಗೆ. ಅರಿಶಿನದ ಬಣ್ಣ ಬೆಳಕಿಗೆ ನಿಲ್ಲೋದಿಲ್ಲ. ನಾಲ್ಕು ದಿನ ಎಳೆ ಬಿಸಿಲಲ್ಲಿ ಅರ್ಧರ್ಧ ಗಂಟೆ ಇಟ್ಟ ಮೇಲೆ ಹೋಯ್ತು. ಈಗ ಬೊಟ್ಟು ಷೋಕೇಸಿನ ಗಾಜಿಗೆ.

ನೆಂಟರ ಮಕ್ಕಳು ಬಂದು ಬೇಕು ಅಂತ ಹಟ ಮಾಡಿದರೆ?

ಕೆಳಗಿನ ಡ್ರಾಯರಿನಲ್ಲಿ ಹತ್ತು ಸಾದಾ ಕಾರು ಇಟ್ಟಿರಿ. ಅದರಲ್ಲಿ ಒಂದು ಕೊಟ್ಟು ಕಳಿಸಿ. ಮೂರು ವರ್ಷದೊಳಗಿನ ಮಗುವಿಗೆ ಬೇಡ, ಚಕ್ರ ಬಾಯಿಗೆ ಹೋಗುತ್ತೆ.

ಮುಂದೆ ಒಳ್ಳೇ ಬೆಲೆ ಬರುತ್ತಾ?

ಬೆಲೆ ಬೇಕಾದರೆ ಚಿನ್ನ ತಗೊಳ್ಳಿ. ಬಣ್ಣ ಬದಲಾಯಿಸಿದ ಕಾರಿಗೆ ಸಂಗ್ರಾಹಕರು ಮೂಲ ಬೆಲೆಯೂ ಕೊಡೋದಿಲ್ಲ.

ಸ್ಟೀರಿಂಗ್ ಬಲಗಡೆಗೆ ತರಬಹುದಾ?

ಬರುತ್ತೆ. ನಮ್ಮಲ್ಲಿ ಓಡಾಡಿದ ಅಮೆರಿಕನ್ ಕಾರುಗಳೂ ಹೆಚ್ಚಾಗಿ ಬಲಗಡೆ ಸ್ಟೀರಿಂಗಿನವೇ, ಆದರೆ ಮಾಡೆಲ್‌ಗಳು ಬರೋದು ಹೆಚ್ಚಾಗಿ ಎಡಗಡೆಯವು. 1:24 ಪ್ಲಾಸ್ಟಿಕ್ ಕಿಟ್‌ನಲ್ಲಿ ಪ್ರಯತ್ನಿಸಿ, ಸಣ್ಣದರಲ್ಲಿ ಜಾಗ ಸಾಲದು. ಡ್ಯಾಷ್‌ಬೋರ್ಡನ್ನು ಮೂರು ತುಂಡು ಮಾಡಬೇಕು. ಮೀಟರಿನ ತುಂಡನ್ನು ಬಲಕ್ಕೆ, ಸಾಮಾನಿನ ಡಬ್ಬದ ತುಂಡನ್ನು ಎಡಕ್ಕೆ ಅದಲುಬದಲು ಮಾಡಿ ಅಂಟಿಸಿ, ಸಂದಿಗೆ ಪುಟ್ಟಿ ತುಂಬಿ ಎಮರಿ ಹೊಡೆಯೋದು. ಪೆಡಲ್‌ಗಳನ್ನೂ ಮರೆಯದೆ ದಾಟಿಸಿ. ವೈಪರ್ ದಿಕ್ಕು ಕೂಡ ತಿರುಗಿಸಬೇಕು, ಅದು ಯಾರಿಗೂ ಹೊಳೆಯೋದಿಲ್ಲ.

ನಾನು ಮಾಡ್ತಿರೋದು ತಾತನ ಪ್ಲಿಮತ್. ಎರಡು ವರ್ಷ ಆಯ್ತು. ಫೋಟೋ ಇರೋದು ಒಂದೇ, ಕಪ್ಪುಬಿಳುಪು. ತಾತ ಬಾನೆಟ್‌ಗೆ ಒರಗಿ ನಿಂತಿದ್ದಾರೆ, ತಲೆಗೆ ಪೇಟ, ಕಾಲಿಗೆ ಚಪ್ಪಲಿ ಇಲ್ಲ. ಕಾರಿನ ಬಣ್ಣ ಯಾವುದು ಅಂತ ಗೊತ್ತಾಗಲ್ಲ. ದೊಡ್ಡಪ್ಪ ಹಸಿರು ಅಂತಾರೆ, ಅತ್ತೆ ಬೂದು ಅಂತಾರೆ. ಸ್ಟೀರಿಂಗ್ ಬಲಕ್ಕೆ ಬಂದಿದೆ, ಬಾಡಿ ಇನ್ನೂ ಪ್ರೈಮರಿನಲ್ಲೇ ಕೂತಿದೆ.